ಬಾರದ ಮುಯ್ಯಾಳು

ಕಡಲ ದಾಳಿಕೋರರ ಕಥೆಯೆಂದರೆ ನನ್ನ ಒಂಬತ್ತನೇ ತರಗತಿಯ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಪಾಂಡವಪುರದ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಾನು, ಪುಸ್ತಕದಲ್ಲಿ ಇಲ್ಲದಿದ್ದರೂ ಪ್ರತಿವರ್ಷ ಅದನ್ನು ಹೇಳುತ್ತೇನೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಸಿರಿಯಾದ ಕರಾವಳಿಯಲ್ಲೊಂದು ಪುಟ್ಟ ರಾಜ್ಯ. ಅಲ್ಲಿಯ ರಾಜ ತನ್ನ ಹಡಗು, ಸೈನಿಕರನ್ನೆಲ್ಲ ಉತ್ತರದ ದೊಡ್ಡ ರಾಜನ ನೆರವಿಗೆ ಕಳಿಸಿಕೊಟ್ಟಿದ್ದ. ಅದೇ ಹೊತ್ತಿಗೆ ಶತ್ರುಗಳು ಕಡಲ ಮೇಲೆ ಬಂದು ಇವನ ಊರುಗಳಿಗೆ ಬೆಂಕಿಯಿಟ್ಟರು. ದೊಡ್ಡ ರಾಜನ ಕಡೆಯಿಂದ ಯಾರೂ ಬರಲಿಲ್ಲ. ನೆರೆಯ ದ್ವೀಪದ ರಾಜ ಮಣ್ಣಿನ ಹಲಗೆಯ ಮೇಲೆ ಬುದ್ಧಿಮಾತು ಬರೆಸಿ ಕಳಿಸಿದ: ಊರ ಸುತ್ತ ಗೋಡೆ ಕಟ್ಟಿಸು, ಗಟ್ಟಿಯಾಗಿರು ಅಂತ. ಆ ಪಟ್ಟಣ ಸುಟ್ಟು ಬೂದಿಯಾಯಿತು, ಮತ್ತೆ ಏಳಲೇ ಇಲ್ಲ. ಆ ಬುದ್ಧಿಮಾತಿನ ಘಟ್ಟ ಬಂದಾಗ ನಾನು ರಾಜಗತ್ತಿನಲ್ಲಿ ಕೈ ಎತ್ತುತ್ತಿದ್ದೆ, ಮಕ್ಕಳು ನಗುತ್ತಿದ್ದರು.

ಈ ವರ್ಷ ಕೈ ಏಳಲಿಲ್ಲ.

ನಮ್ಮದು ಚಿನಕುರಳಿ ಕಡೆ ಮುಕ್ಕಾಲು ಎಕರೆ ಗದ್ದೆ. ನಾಟಿಗೆ ನಮ್ಮಲ್ಲಿ ಇನ್ನೂ ಮುಯ್ಯಾಳು ಇದೆ. ನಿಮ್ಮ ಗದ್ದೆಗೆ ನಾವು ಬಂದರೆ ನಮ್ಮ ಗದ್ದೆಗೆ ನೀವು ಬರಬೇಕು, ಅದೂ ಅದೇ ನಾಟಿಯಲ್ಲಿ. ತೊಣ್ಣೂರಿನಲ್ಲಿರುವ ನನ್ನ ಅಕ್ಕನ ಗದ್ದೆ ಮೊದಲು ಹದಕ್ಕೆ ಬಂತು. ನಾನು ಶಾಲೆಗೆ ರಜೆ ಹಾಕಿದೆ. ನಾನೂ ನಮ್ಮತ್ತೆಯೂ ನಾಲ್ಕು ದಿನ ಅಲ್ಲಿ ಸೊಂಟ ಬಗ್ಗಿಸಿದೆವು. ಭಾನುವಾರ ಸೊಸೆಯರನ್ನು ಕರೆದುಕೊಂಡು ನಮ್ಮಲ್ಲಿಗೆ ಬರುವುದಾಗಿ ಅಕ್ಕ ಹೇಳಿದ್ದಳು.

ಭಾನುವಾರ ಅವರಿಗೆಲ್ಲ ಉಪ್ಪಿಟ್ಟು ಮಾಡಿಟ್ಟು ಕಾದೆ. ಕಿತ್ತು ನೆಡಬೇಕಿದ್ದ ಪೈರು ಆಗಲೇ ಬಲಿತಿತ್ತು, ನಾಲೆಯಲ್ಲಿ ನಮ್ಮ ಸರದಿಯ ನೀರು ಮಂಗಳವಾರ ನಿಲ್ಲುವುದಿತ್ತು. ಹತ್ತು ಗಂಟೆಯಾದರೂ ಯಾರ ಸುಳಿವೂ ಇಲ್ಲ. ಫೋನ್ ಮಾಡಿದೆ.

"ಶ್ರೀರಂಗಪಟ್ಣದಲ್ಲಿವ್ನಿ ಕಣಮ್ಮಿ," ಅಂದಳು ಅಕ್ಕ. "ಬೀಗ್ರ ಗದ್ದೆ ನಾಟಿ. ಮಗಳ್ನ ಕೊಟ್ಟಿರೋ ಮನೆ, ಕರುದ್ರೆ ಇಲ್ಲ ಅನ್ನಕ್ಕಾದದಾ?"

"ನಮ್ ಗದ್ದೆ ಗತಿ ಏನಕ್ಕ?"

"ಧೈರ್ಯವಾಗಿರು. ಅಲ್ಲೇ ಯಾರ್ನಾದ್ರೂ ಸೇರಿಸ್ಕೊ. ನಿನ್ ಗಂಡನ ಕೈಗೂ ಎರಡು ಕಂತೆ ಪೈರು ಕೊಡು."

ಯಾರೂ ಸಿಗಲಿಲ್ಲ. ನಾಟಿ ಹೆಂಗಸರೆಲ್ಲ ಆಗಲೇ ಬೇರೆಯವರ ಗದ್ದೆಗೆ ಒಪ್ಪಿಕೊಂಡಿದ್ದರು. ನಾವು ಮೂವರೇ ಇಳಿದೆವು. ನನ್ನ ಗಂಡ ಹುಟ್ಟಿದಾಗಿನಿಂದ ಪೈರು ನೆಟ್ಟವರಲ್ಲ, ಅವರ ಸಾಲು ಕುಡಿದವನ ನಡಿಗೆಯ ಹಾಗಿತ್ತು. ನೀರು ನಿಂತಾಗ ಮೂಲೆಯ ಒಂದು ಮಡಿ ನಾಟಿಯಾಗದೆ ಹಾಗೇ ಉಳಿಯಿತು. ಅಕ್ಕ ಮರೆತಿದ್ದರೆ ನಾನು ಬಯ್ದು ಸುಮ್ಮನಾಗುತ್ತಿದ್ದೆ. ಅವಳು ಮರೆತಿರಲಿಲ್ಲ. ಒಡಹುಟ್ಟಿದವಳನ್ನೂ ಬೀಗರನ್ನೂ ತೂಗಿ ನೋಡಿದ್ದಳು, ನಾನು ಹಗುರಾಗಿದ್ದೆ.

ಆ ವಾರವೇ ತರಗತಿಯಲ್ಲಿ ಆ ಕಥೆ ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ದೊಡ್ಡ ರಾಜ ಯಾಕೆ ಬರ್ಲಿಲ್ಲ?" ಅಂತ ಕೇಳಿದಳು. ಅವನ ರಾಜ್ಯದಲ್ಲೂ ಬರ ಬಿದ್ದಿತ್ತು, ಅವನೂ ಆಮೇಲೆ ಮುಳುಗಿಹೋದ ಎಂದು ಎಂದಿನಂತೆ ಹೇಳಿದೆ. ನನ್ನ ಅಕ್ಕನ ಮನೆಯಲ್ಲಿ ಯಾವ ಬರವೂ ಇರಲಿಲ್ಲ.

ತಿಂಗಳಾದ ಮೇಲೆ ಅಕ್ಕ ಬಂದಳು, ಬೀಗರ ಮನೆಯ ಚಿರೋಟಿ ಡಬ್ಬಿ ಹಿಡಿದುಕೊಂಡು, ಏನೂ ಆಗಿಲ್ಲವೆಂಬಂತೆ. ನಮ್ಮತ್ತೆ ಕಾಫಿ ಕೊಟ್ಟರು. ಕುಡಿದವಳು ಗದ್ದೆ ನೋಡೋಣ ಬಾ ಎಂದು ನನ್ನನ್ನೂ ಎಬ್ಬಿಸಿದಳು. ಬದುವಿನ ಮೇಲೆ ನಡೆಯುತ್ತ ಬೆಳೆ ಚೆನ್ನಾಗಿದೆ ಎಂದಳು. ಬಿರುಕುಬಿಟ್ಟ ಮೂಲೆಯ ಹತ್ತಿರ ನಿಂತಳು.

"ಇದ್ಯಾಕಮ್ಮಿ ಇಂಗೆ ಬುಟ್ಬುಟ್ಟಿದ್ದೀಯಾ?"

"ಅದು ನೀನು ನಾಟಿ ಮಾಡಬೇಕಾಗಿದ್ದ ಜಾಗ ಕಣಕ್ಕ," ಅಂದೆ.