ಹಾಳೆಯ ಬೆನ್ನು ಸವರುವ ಟೀಚರ್

ನಮ್ಮ ಶಿಶುವಿಹಾರದ ದೊಡ್ಡ ಟೀಚರಿಗೆ ದಂಡಯಾತ್ರೆ ಹೊಸದಲ್ಲ. ಮೂವತ್ತೊಂದು ವರ್ಷಗಳಿಂದ ಪ್ರತಿ ವರ್ಷವೂ ನಲವತ್ತು ಮಕ್ಕಳ ಸೇನೆ, ಮೂಗು ಸುರಿಸುತ್ತ, ಪೆನ್ಸಿಲ್ ಝಳಪಿಸುತ್ತ, ಅವರ ಮೇಲೆ ಏರಿ ಬಂದಿದೆ. ಅವರ ಆಯುಧಗಳು ಎರಡೇ: ಕನ್ನಡಕ ಮತ್ತು ಬಲಗೈಯ ಹೆಬ್ಬೆರಳು. ಮಂಡಿಗಳು ಮಾತ್ರ ಎಂದೋ ಶರಣಾಗಿವೆ.

ವರ್ಷದ ಕೊನೆಗೆ ಪ್ರತಿ ಮಗುವಿನ ಬರವಣಿಗೆ ಎಲ್ಲಿಗೆ ಬಂದಿದೆ ಎಂದು ಅವರು ನಮೂನೆ ತುಂಬಬೇಕು. ಅದರಲ್ಲಿ ನಾಲ್ಕು ಮೆಟ್ಟಿಲು: ಬರೀ ಗೀಚು, ಅಕ್ಷರದಂಥ ಆಕಾರ, ಅಕ್ಷರ, ತಾನೇ ಬರೆದ ಹೆಸರು. ಹೆಸರು ಬರೆದವರು ಮೇಲಿನ ತರಗತಿಗೆ. ಉಳಿದವರು ಇನ್ನೊಂದು ವರ್ಷ ಇಲ್ಲೇ.

ಈ ಸಲ ಪಟ್ಟಿಯಲ್ಲಿ ಅವರ ಮೊಮ್ಮಗಳೂ ಇದ್ದಳು. ಸೊಸೆ ಮನೆಯಿಂದಲೇ ಒಂದು ಹಾಳೆ ತಂದುಕೊಟ್ಟಳು. ಮುತ್ತು ಪೋಣಿಸಿದಂತೆ ಮಗುವಿನ ಹೆಸರು. ಟೀಚರ್ ಅದರ ಮುಖವನ್ನು ಸರಿಯಾಗಿ ನೋಡಲೂ ಇಲ್ಲ. ಮಗುಚಿ, ಹಿಂಬದಿಯಲ್ಲಿ ಹೆಬ್ಬೆರಳಾಡಿಸಿದರು. ಗೆರೆಗಳು ಉದ್ದಕ್ಕೂ ಒಂದೇ ಸಮ ಉಬ್ಬಿದ್ದವು. ನಾಲ್ಕೂವರೆ ವರ್ಷದ ಕೈ ಹಾಗೆ ಒತ್ತುವುದಿಲ್ಲ; ಒಂದೆಡೆ ಅದುಮುತ್ತದೆ, ಇನ್ನೊಂದೆಡೆ ಜಾರುತ್ತದೆ.

“ಕೈ ಹಿಡಿದು ಬರೆಸಿದ್ದೀಯಲ್ಲಮ್ಮ.”

“ಸ್ವಲ್ಪ ಹಿಡ್ಕೊಂಡೆ ಅಷ್ಟೇ ಅತ್ತೆ. ನಮ್ಮಕ್ಕನ ಮಗ ಮೇಲಿನ ಕ್ಲಾಸಿಗೆ ಹೋಗ್ತಾನೆ. ಇವಳು ಇಲ್ಲೇ ಉಳಿದ್ರೆ ನಾನು ಅಕ್ಕನ ಮನೆಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ?”

“ಇರೋ ಮುಖಾನೇ ಹೊತ್ಕೊಂಡು ಹೋಗು. ಚೆನ್ನಾಗೇ ಇದೆ.”

“ಊರಿನ ಮಕ್ಕಳಿಗೆಲ್ಲ ಟಿಕ್ ಹಾಕೋ ಕೈ, ಮೊಮ್ಮಗಳಿಗೊಂದು ಹಾಕಿದ್ರೆ ಸವೆದು ಹೋಗುತ್ತಾ?”

ವಾದಕ್ಕೆ ಟೀಚರಲ್ಲಿ ತ್ರಾಣವಿರಲಿಲ್ಲ. ಮೊಮ್ಮಗಳಿಗೆ ಖಾಲಿ ಹಾಳೆ ಕೊಟ್ಟು, “ಏನಾದ್ರೂ ಬರಿ ಪುಟ್ಟಿ” ಎಂದರು. ಪುಟ್ಟಿ ನಾಲಿಗೆಯನ್ನು ತುಟಿಯ ಮೂಲೆಗೆ ತಂದು, ಎಡದಿಂದ ಬಲಕ್ಕೆ ಎರಡು ಸಾಲು ಗೀಚಿದಳು. ಹುಡುಕಿದರೂ ಅದರಲ್ಲಿ ಒಂದಕ್ಷರವಿರಲಿಲ್ಲ.

“ಏನು ಬರೆದೆ, ಓದು.”

ಪುಟ್ಟಿ ಸಾಲಿನ ಕೆಳಗೆ ಬೆರಳಿಟ್ಟಳು. “ಅಮ್ಮ ಕೈ ಗಟ್ಟಿಯಾಗಿ ಹಿಡೀತಾಳೆ. ನೋವಾಗುತ್ತೆ.”

“ಬಾಯಿಗೆ ಬಂದಿದ್ದು ಹೇಳ್ತಾಳೆ,” ಎಂದಳು ಸೊಸೆ. “ನಾಳೆ ಕೇಳಿ, ಬೇರೆ ಕಥೆ ಬರುತ್ತೆ.”

ಮರುದಿನ ಸೊಸೆಯೇ ಹಾಳೆ ಹಿಡಿದು ಕೇಳಿದಳು. ಪುಟ್ಟಿ ಅದೇ ಸಾಲುಗಳ ಕೆಳಗೆ ಬೆರಳು ಸರಿಸುತ್ತ, ಒಂದು ಮಾತೂ ಆಚೀಚೆಯಾಗದಂತೆ ಅದನ್ನೇ ಓದಿದಳು.

“ಆಡಿದ ಮಾತು ಕಾಗದದ ಮೇಲೆ ಉಳಿಯುತ್ತೆ ಅಂತ ಇವಳಿಗೆ ಗೊತ್ತಾಗಿದೆ,” ಎಂದರು ಟೀಚರ್. “ಅದರ ಹಿಂದೆಯೇ ಅಕ್ಷರವೂ ಬರುತ್ತೆ. ಎಳೆದು ತರಬೇಡ.”

ಸೊಸೆ ಮಗಳ ಬಲಗೈಯನ್ನು ಅಂಗೈಯಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೋಡಿದಳು.

“ನಾನು ತಂದ ಹಾಳೆ ವಾಪಸ್ ಕೊಡಿ ಅತ್ತೆ. ಅಕ್ಕನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.”

ಟೀಚರ್ ‘ಬರೀ ಗೀಚು’ ಎಂಬಲ್ಲಿ ಗುರುತು ಹಾಕಿದರು. ನಮೂನೆಯಲ್ಲಿ ಜಾಗವಿಲ್ಲದಿದ್ದರೂ ಅಂಚಿನಲ್ಲಿ ಇರುಕಿಸಿ ಬರೆದರು: ‘ಬರೆದದ್ದನ್ನು ಎರಡು ದಿನವೂ ಒಂದೇ ರೀತಿ ಓದಿದಳು.’ ಮುಂದಿನ ವರ್ಷವೂ ಇಲ್ಲೇ ಉಳಿಯುವವರ ಪಟ್ಟಿಗೆ ಪುಟ್ಟಿಯ ಹೆಸರನ್ನು ಸೇರಿಸಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇನ್ನೂ ಇಪ್ಪತ್ತಾರು ನಮೂನೆಗಳು ಬಾಕಿ ಇದ್ದವು.