ಉಪ್ಪು ಬಡಿಸದ ಎಲೆ

ಮೊನ್ನೆ ಬೆಳಿಗ್ಗೆ ಮಿಯಾಪುರದ ನಮ್ಮ ಮನೆಯಲ್ಲಿ ಪೊಟ್ಯಾಸಿಯಂ ಸಿರಪ್ಪಿನ ಹೊಸ ಬಾಟಲಿ ತೆರೆದೆ. ಕಿತ್ತಳೆಯ ಪರಿಮಳದ ಕೆಳಗೆ ಅಡಗಿದ ಆ ಒಗರು ವಾಸನೆ... ವೈನಿ ನೆನಪಾದರು. ನನ್ನ ಅಣ್ಣನ ಹೆಂಡತಿ. ಇದೇ ಸಿರಪ್ಪನ್ನು ಬೆರಳ ತುದಿಯಲ್ಲಿ ನೆಕ್ಕಿ ನೋಡಿ, ಉಪ್ಪಾಗಿದೆಯೆಂದು ನನ್ನ ಕೈಗೆಟುಕದಂತೆ ಎತ್ತಿಟ್ಟವರು.

ನನ್ನದು ಹುಟ್ಟಿನಿಂದ ಬಂದ ಮೂತ್ರಪಿಂಡದ ದೋಷ. ತಂದೆ ತಾಯಿ ಇಬ್ಬರೂ ಅರಿಯದೆ ಕೊಟ್ಟದ್ದು. ಕೋಠಿಯ ಆಸ್ಪತ್ರೆಯ ವೈದ್ಯರು ಚಿತ್ರ ಬರೆದು ತಿಳಿಸಿದ್ದರು: ಸೋಸಿಹೋದ ಸೋಡಿಯಂ ಅನ್ನು ಮರಳಿ ಒಳಗೆ ಕರೆದುಕೊಳ್ಳಬೇಕಾದ ಜೀವಕೋಶದ ಬಾಗಿಲೊಂದು ನನ್ನಲ್ಲಿ ಸರಿಯಾಗಿ ತೆರೆಯದು. ಉಪ್ಪು ಮೂತ್ರದಲ್ಲಿ ಹರಿದುಹೋಗುತ್ತದೆ. ಅದನ್ನು ಉಳಿಸಿಕೊಳ್ಳುವ ಧಾವಂತದಲ್ಲಿ ದೇಹ ಪೊಟ್ಯಾಸಿಯಂ ಅನ್ನೂ ಚೆಲ್ಲಿಬಿಡುತ್ತದೆ. ಆಗ ಬೆರಳುಗಳು ಸೆಟೆಯುತ್ತವೆ, ಕಾಲುಗಳಲ್ಲಿ ಬಲವಿರುವುದಿಲ್ಲ. ಆದ್ದರಿಂದ ನಾನು ಉಪ್ಪನ್ನು ಧಾರಾಳವಾಗಿ ತಿನ್ನಬೇಕು. ಇದನ್ನು ವೈನಿಗೆ ಏಳು ಸಲ ವಿವರಿಸಿದ್ದೆ.

“ಕಿಡ್ನಿ ಬ್ಯಾನಿಗೆ ಉಪ್ಪು ತಿನಸ್ತಾರೇನ್ರಿ? ಮೊದಲ ಆ ಡಾಕ್ಟರನ್ನ ಯಾರಿಗಾರ ತೋರಸ್ರಿ,” ಎನ್ನುತ್ತಿದ್ದರು.

ಅವರ ತಂದೆ ಕಿಡ್ನಿ ಕೆಟ್ಟು ತೀರಿಕೊಂಡವರು. ಎರಡು ವರ್ಷ ಸಪ್ಪೆ ಅಡುಗೆ ಮಾಡಿ ಹಾಕಿದ್ದು ಈ ಮಗಳೇ. ಕಡೆಗಾಲದಲ್ಲಿ ಆ ಹಿರಿಯರು ಒಂದು ಚಿಟಿಕೆ ಉಪ್ಪಿಗೆ ಅಂಗಲಾಚಿದ್ದರಂತೆ, ಇವರು ಕೊಡಲಿಲ್ಲ.

ಅಣ್ಣನ ಮೊಮ್ಮಗನ ಜವಳಕ್ಕೆಂದು ಸುಲ್ತಾನ್ ಬಜಾರಿನ ಅವರ ಮನೆಯಲ್ಲಿ ಒಂದು ವಾರವಿದ್ದೆ. ವಾರವಿಡೀ ಸಪ್ಪೆ ಸಾರು, ನೀರಿನಲ್ಲಿ ತೊಳೆದ ಉಪ್ಪಿನಕಾಯಿ; ಸಿರಪ್ಪನ್ನು ಎತ್ತಿಟ್ಟದ್ದೂ ಆಗಲೇ. ಉಪ್ಪಿನಕಾಯಿಯ ಬಗ್ಗೆ ಕೇಳಿದರೆ, “ಖಾರ ಭಾಳ ಆಗಿತ್ರಿ, ಅದಕ್ಕ ತೊಳದೀನಿ,” ಎಂಬ ಸುಳ್ಳು. ಜವಳದ ದಿನ ಪಂಕ್ತಿಯಲ್ಲಿ ಕುಳಿತೆ. ನಮ್ಮಲ್ಲಿ ಎಲೆಗೆ ಮೊದಲು ಬೀಳಬೇಕಾದದ್ದು ಉಪ್ಪು. ಬಡಿಸುವವರು ನನ್ನ ಎಲೆಯನ್ನು ದಾಟಿ ಮುಂದಿನವರಿಗೆ ಹೋದರು. ಕರೆದೆ.

ಅಡುಗೆಮನೆಯ ಬಾಗಿಲಿನಿಂದ ವೈನಿ, “ಅವರಿಗೆ ಬ್ಯಾಡ. ಕಿಡ್ನಿ ಪೇಷಂಟ್ ಅದಾರ,” ಎಂದರು.

ಪಂಕ್ತಿಗೆ ಪಂಕ್ತಿಯೇ ನನ್ನತ್ತ ತಿರುಗಿತು. ಎದುರಿಗಿದ್ದ ಬೀಗರೊಬ್ಬರು, “ಪುಣ್ಯಾ ಮಾಡೀರಿ, ಇಂಥಾ ವೈನಿ ಸಿಗಾಕ,” ಎಂದು ನಕ್ಕರು. ಸಿಟ್ಟಿನಿಂದ ಏಳಹೋದೆ. ಕಾಲುಗಳು ಏಳಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಕೈಗೆ ಪೊಟ್ಯಾಸಿಯಂ ಇಳಿಯುತ್ತಿದ್ದಾಗ ವೈದ್ಯರು ವೈನಿಯನ್ನು ಚೆನ್ನಾಗಿ ಗದರಿದರು. ನನಗೆ ತೃಪ್ತಿಯಾಯಿತು, ಸುಳ್ಳು ಹೇಳಲಾರೆ. ವೈದ್ಯರು ಅತ್ತ ಹೋದ ಮೇಲೆ ವೈನಿ ಮಂಚದ ಬಳಿ ನಿಂತು, “ಹಂಗಾರ ನಮ್ಮಪ್ಪಗೂ ಕೊಡಬಹುದಿತ್ತೇನ್ರಿ?” ಎಂದು ಸಣ್ಣ ದನಿಯಲ್ಲಿ ಕೇಳಿದರು.

ಇಲ್ಲ, ಅವರ ಕಾಯಿಲೆ ಬೇರೆ, ನೀವು ಮಾಡಿದ್ದೇ ಸರಿ... ಅಷ್ಟು ಹೇಳಿದ್ದರೆ ಸಾಕಿತ್ತು. ನಾನು ಗೋಡೆಯ ಕಡೆ ತಿರುಗಿ, “ನಾ ಹೇಳಿದ್ದು ನಿಮಗ ಯಾವಾಗ ಖರೆ ಅನಸೈತ್ರಿ?” ಎಂದೆ.

ವೈನಿ ತೀರಿಹೋಗಿ ನಾಲ್ಕು ವರ್ಷವಾಯಿತು. ಆ ಪಂಕ್ತಿಯ ಅವಮಾನವನ್ನು ನಾನು ಮರೆತಿಲ್ಲ; ಯಾರು ಎಲ್ಲಿ ಕುಳಿತಿದ್ದರೆಂದು ಇವತ್ತಿಗೂ ಹೇಳಬಲ್ಲೆ. ಆದರೆ ಅವರು ಕೇಳಿದ್ದಕ್ಕೆ ಉತ್ತರ ನನಗೆ ಅಂದೇ ಗೊತ್ತಿತ್ತು... ಅವರು ಎರಡನೆಯ ಸಲ ಕೇಳಲೇ ಇಲ್ಲ.