ಡ್ರೈವರಣ್ಣನ ಗಾಡಿ ಓಟ

ನಮ್ಮವರ ಕಥೆ ಹೇಳು ಎಂದರೆ ಎಲ್ಲಿಂದ ಶುರು ಮಾಡಲಿ? ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯ. ಬಸ್ಸಿಗೆ ಒಂದು ಗೀರೂ ಬೀಳಿಸಿದವರಲ್ಲ. ಈ ಮಾತನ್ನು ಅವರ ಬಾಯಿಂದಲೇ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನಮ್ಮ ಬೀದಿಯಲ್ಲಿ ಹತ್ತಾರು ದೇಶದವರಿದ್ದಾರೆ, ಎಲ್ಲರಿಗೂ ಇವರು ಡ್ರೈವರಣ್ಣ. ಅವರಲ್ಲಿ ಬಹಳ ಜನಕ್ಕೆ ಕನ್ನಡದಲ್ಲಿ ಬರುವುದೂ ಅದೊಂದೇ ಮಾತು.

ಹೋದ ವರ್ಷ ಡಿಪೋದ ಕಣ್ಣಿನ ಪರೀಕ್ಷೆಯಲ್ಲಿ ಎಡಗಡೆಯ ನೋಟ ಹೋಗಿದೆ ಎಂದು ಇವರನ್ನು ಬಸ್ಸಿನಿಂದ ಇಳಿಸಿದರು. ಇವರು ಒಪ್ಪಬೇಕಲ್ಲ! "ಆ ಡಾಕ್ಟರಿಗೇ ಕನ್ನಡಕ ಬೇಕು" ಎಂದರು. ಮನೆಯಲ್ಲಿ ನೋಡಿದರೆ ಬಾಗಿಲ ಚೌಕಟ್ಟಿಗೆ ದಿನಾ ಎಡಭುಜ ಬಡಿಯುತ್ತಿತ್ತು. ಎಡಗಡೆ ಇಟ್ಟ ಗಾಜಿನ ಲೋಟ ಕೈ ತಗಲಿ ಬೀಳುತ್ತಿತ್ತು. ಬೈಗುಳ ಮಾತ್ರ ನನಗೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬಂದು ನಾನು ಗಾಜು ಗುಡಿಸಬೇಕು.

ಅಷ್ಟರಲ್ಲಿ ಮೂಲೆಮನೆಯವಳು ಇವರ ತಲೆಯಲ್ಲಿ ಒಂದು ಆಸೆ ಬಿತ್ತಿದಳು. ಅವಳದು ಶಾಲಾ ವ್ಯಾನಿದೆ, ಅದಕ್ಕೆ ಡ್ರೈವರ್ ಬೇಕಿತ್ತು. ಸಣ್ಣ ಗಾಡಿಯ ಲೈಸೆನ್ಸು ಇವರ ಹತ್ತಿರ ಇನ್ನೂ ಇತ್ತು. ಭಾನುವಾರ ಬೀದಿ ಹಬ್ಬ, ಮನೆಯಲ್ಲೇ ಮಾಡಿದ ಗಾಡಿಗಳನ್ನು ಇಳಿಜಾರಿನಲ್ಲಿ ಬಿಡುವ ಓಟ.

"ಅಣ್ಣ, ಅವತ್ತು ನಿಮ್ಮ ಕೈಚಳಕ ನೋಡ್ತೀನಿ. ಸೋಮವಾರದಿಂದ ಹದಿನಾಲ್ಕು ಮಕ್ಕಳು ನಿಮ್ಮ ಜವಾಬ್ದಾರಿ" ಎಂದಳು. ಇವರನ್ನು ಬಸ್ಸಿನಿಂದ ಯಾಕೆ ಇಳಿಸಿದರೆಂದು ಅವಳಿಗೆ ಗೊತ್ತಿರಲಿಲ್ಲ.

ಆ ದಿನದಿಂದ ಇವರು ಮನುಷ್ಯರಾದರು, ನನ್ನ ಮನೆ ಗ್ಯಾರೇಜಾಯಿತು. ಎದುರುಮನೆಯ ವೆಲ್ಡರಿಗೆ ನಮ್ಮ ಮಾತು ಅರ್ಧಂಬರ್ಧ ಬರುತ್ತದೆ, ಅವನ ಭಾಷೆ ಇವರಿಗೆ ಒಂದಕ್ಷರವೂ ಬರುವುದಿಲ್ಲ. ಆದರೂ ಇಬ್ಬರೂ ದಿನವಿಡೀ ಜಗಳವಾಡಿಕೊಂಡೇ ಗಾಡಿ ಕಟ್ಟಿದರು. ಮಗುವಿನ ತಳ್ಳುಗಾಡಿಯ ಚಕ್ರ, ನೀರಿನ ಪೈಪಿನ ಚೌಕಟ್ಟು, ಗುಜರಿಯಿಂದ ತಂದ ಬಸ್ಸಿನ ಸ್ಟಿಯರಿಂಗು. ಪೆಡಲು ತುಳಿದರೆ ಟಯರಿನ ತುಂಡೊಂದು ಚಕ್ರವನ್ನು ಒತ್ತಿ ಹಿಡಿಯುವ ಬ್ರೇಕು. ನನ್ನ ಇಸ್ತ್ರಿ ಮೇಜಿನ ಹಲಗೆಯನ್ನೇ ಕಿತ್ತು ಹಿಂದಿನ ಸೀಟು ಮಾಡಿದ್ದರು.

"ಅದರ ಮೇಲೆ ಕೂರೋಳು ನೀನೇ ತಾನೆ? ಗಾಡೀಲಿ ಇಬ್ಬರಿರ್ಬೇಕು ಅಂತ ನಿಯಮ" ಎಂದರು.

"ಮೊದಲು ಎಡಗಡೆ ಕಾಣಲ್ಲ ಅಂತ ಆ ವ್ಯಾನಿನವಳಿಗೆ ಹೇಳ್ರೀ. ಮಕ್ಕಳ ವಿಷಯ."

"ಕಾಣುತ್ತೆ ಬಿಡೇ."

ನಾನೇ ಹೇಳಿಬಿಡಬಹುದಿತ್ತು. ಎರಡು ಸಲ ಅವಳ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಎಂಟು ತಿಂಗಳು ಕಿಟಕಿ ಪಕ್ಕ ಮಂಕು ಬಡಿದವರಂತೆ ಕೂತಿದ್ದ ಗಂಡ ಶಿಳ್ಳೆ ಹಾಕುತ್ತಾ ಗಾಡಿಗೆ ಬಣ್ಣ ಬಳಿಯುತ್ತಿದ್ದರೆ ಹೇಗೆ ಹೇಳಲಿ, ನೀವೇ ಹೇಳಿ.

ಭಾನುವಾರ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೈಕಿನಲ್ಲಿ ಒಂದೇ ಸೂಚನೆ ಐದು ಭಾಷೆಗಳಲ್ಲಿ. ಐದನೆಯದು ಮುಗಿಯುವ ಹೊತ್ತಿಗೆ ಮೊದಲನೆಯವರು ಮರೆತಿದ್ದರು. ಈ ವಯಸ್ಸಿನಲ್ಲಿ ಹೆಲ್ಮೆಟ್ ಹಾಕಿಕೊಂಡು, ಮಾನ ಮರ್ಯಾದೆ ಗಾಳಿಗೆ ತೂರಿ, ಹಲಗೆಯ ಮೇಲೆ ನಾನು. ವೆಲ್ಡರ್ ಹಿಂದಿನಿಂದ ತಳ್ಳಿದ.

ಗಾಡಿ ಹೊರಟಿತೋ ಇಲ್ಲವೋ ನನ್ನ ಬಾಯಿ ತಾನಾಗಿ ಶುರುವಾಯಿತು. "ಎಡಗಡೆ ಕಂಬ! ಎಡಗಡೆ ಕುರ್ಚಿ, ಬಲಕ್ಕೆ ಬನ್ರೀ!" ಹೇಳಿದ ಕ್ಷಣಕ್ಕೆ ಸ್ಟಿಯರಿಂಗು ತಿರುಗುತ್ತಿತ್ತು. ಬೇಕರಿಯವನ ಗಾಡಿ ಹಿಂದೆ ಬಿತ್ತು. ಕೆಳಗೆ ವ್ಯಾನಿನವಳು ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು. ಆಗ ಹೊಳೆಯಿತು ನನಗೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇವರಿಗೆ ಆ ಕೆಲಸ ಕೊಡಿಸುತ್ತಿರುವುದೇ ನನ್ನ ಬಾಯಿ. ನಾಳೆ ವ್ಯಾನಿನಲ್ಲಿ ನಾನಿರುವುದಿಲ್ಲ.

ಕೊನೆಯಲ್ಲಿ ಎಡಗಡೆ ಒಣಹುಲ್ಲಿನ ಮೂಟೆಗಳು ರಸ್ತೆಗೆ ಚಾಚಿಕೊಂಡಿದ್ದವು, ಗುದ್ದಿದವರಿಗೆ ಪೆಟ್ಟಾಗದಿರಲಿ ಎಂದು ಇಟ್ಟಂಥವು. ನಾನು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡೆ.

ಗಾಡಿ ನೇರ ಹೋಗಿ ಮೂಟೆಗೆ ನುಗ್ಗಿತು. ಪುಣ್ಯಾತ್ಮ ಬ್ರೇಕಿನ ಮೇಲೆ ಕಾಲೂ ಇಟ್ಟಿರಲಿಲ್ಲ.

ವೆಲ್ಡರ್ ಓಡಿಬಂದು ಹಣೆ ಚಚ್ಚಿಕೊಂಡ. "ಬ್ರೇಕು! ನನ್ನ ತಪ್ಪು ಡ್ರೈವರಣ್ಣ, ಬ್ರೇಕು!"

ವ್ಯಾನಿನವಳೂ ಬಂದಳು. "ಬ್ರೇಕು ಕೈಕೊಟ್ಟರೆ ನೀವೇನು ಮಾಡೋಕಾಗುತ್ತೆ ಅಣ್ಣ? ನಾಳೆ ಬೆಳಗ್ಗೆ ಬಂದು ಕೀ ತಗೊಳ್ಳಿ."

ದೇವರೇ! ಮೂಟೆಗೆ ಗುದ್ದಿಸಿದರೂ ಈ ಕೆಲಸ ಬೆನ್ನು ಬಿಡುವುದಿಲ್ಲವಲ್ಲ!

ಇವರು ಮೈಮೇಲಿನ ಹುಲ್ಲನ್ನೂ ಕೊಡವದೆ ಬಗ್ಗಿ, ಪೆಡಲನ್ನು ಕೈಯಿಂದ ಒತ್ತಿ ನೋಡಿದರು. ಟಯರಿನ ತುಂಡು ಚಕ್ರವನ್ನು ಗಟ್ಟಿಯಾಗಿ ಹಿಡಿಯಿತು. ಇನ್ನೊಮ್ಮೆ ಒತ್ತಿದರು. ಮತ್ತೆ ಹಿಡಿಯಿತು.

"ಬ್ರೇಕು ಸರಿಯಾಗೇ ಇದೆ. ಇವನ ತಪ್ಪೇನಿಲ್ಲ" ಎಂದರು. "ಮೂಟೆ ನನಗೆ ಕಾಣ್ಲಿಲ್ಲಮ್ಮ. ಎಡಗಡೆ ಏನೂ ಕಾಣಲ್ಲ. ವ್ಯಾನಿಗೆ ಬೇರೆಯವರನ್ನ ನೋಡ್ಕೊ."

ಎಂಟು ತಿಂಗಳು ನಾನು ಬಡಕೊಂಡರೂ ಬಾಯಿಗೆ ಬಾರದ ಮಾತು, ಇಡೀ ಬೀದಿಯ ಮುಂದೆ! ನನಗೆ ಸಿಟ್ಟೂ ಬಂತು, ಅಳುವೂ ಬಂತು. ವ್ಯಾನಿನವಳು ಇವರ ತೋಳು ಹಿಡಿದು ನಿಂತಳು. ಆಮೇಲೆ ಇವರು ನನ್ನ ಕಡೆ ತಿರುಗಿದರು.

"ಬೇಕಂತ್ಲೇ ಸುಮ್ನಾದೆ, ಅಲ್ವಾ?"

"ಹೂಂ. ಬೇಕಂತ್ಲೇ. ಹದಿನಾಲ್ಕು ಮಕ್ಕಳು ರೀ."

ಮೈಕಿನಲ್ಲಿ ಎರಡನೇ ಸುತ್ತಿಗೆ ಕರೆಯುತ್ತಿದ್ದರು, ಐದೂ ಭಾಷೆಗಳಲ್ಲಿ. ಇವರು ಮೂಟೆಗಳ ನಡುವಿನಿಂದ ಗಾಡಿಯನ್ನು ಎಳೆದು ನಿಲ್ಲಿಸಿ, ಹಲಗೆಯ ಮೇಲಿನ ಹುಲ್ಲು ಕೊಡವಿದರು.

"ಹತ್ತು. ಈ ಸಲ ಬಾಯಿ ಮುಚ್ಕೋಬೇಡ."

ಮದುವೆಯಾಗಿ ಮೂವತ್ತೆರಡು ವರ್ಷವಾಯಿತು. ಇವರು ನನಗೆ ಆ ಮಾತು ಹೇಳಿದ್ದು ಅದೇ ಮೊದಲು.